ಹಳೆಯ ಕಾಲದಲ್ಲಿ ಹಿತ್ತಾಳೆ ಹೊಳೆಯುತ್ತಿತ್ತು

ನಮ್ಮ ಪೀರಿಯಡ್ ಸಿನಿಮಾಗಳಲ್ಲಿ 1930ರ ಅಡುಗೆಮನೆ ಬಂತೆಂದರೆ ಪಾತ್ರೆಗಳೆಲ್ಲ ಕಪ್ಪಿಟ್ಟಿರುತ್ತವೆ, ಗೋಡೆಯ ಸುಣ್ಣ ಉದುರಿರುತ್ತದೆ, ಬಾಗಿಲು ಬಿರುಕು ಬಿಟ್ಟಿರುತ್ತದೆ. ಇಡೀ ಫ್ರೇಮನ್ನು ಕಾಫಿ ಡಿಕಾಕ್ಷನ್ನಿನಲ್ಲಿ ಅದ್ದಿ ತೆಗೆದ ಹಾಗಿರುತ್ತದೆ. ಕಾರಣ ದೊಡ್ಡದೇನಲ್ಲ. ಆ ಹಂಡೆ, ಚೆಂಬು, ಕೊಳದಪ್ಪಲೆಗಳು ಬಂದದ್ದು ಹಳೆ ಸಾಮಾನಿನ ಅಂಗಡಿಯಿಂದಲೋ ಬಾಡಿಗೆ ಗೋದಾಮಿನಿಂದಲೋ. ಅವುಗಳ ಮೇಲೆ ತೊಂಬತ್ತು ವರ್ಷದ ಕಿಲುಬಿದೆ. ಕಥೆ ನಡೆಯುವ ದಿನ ಅದೇ ಹಂಡೆಗೆ ಐದೋ ಆರೋ ವರ್ಷ. ಹುಣಸೆಹಣ್ಣು, ಬೂದಿ ಹಾಕಿ ಅದನ್ನು ತಿಕ್ಕುವ ಕೈಗಳು ಆ ಮನೆಯಲ್ಲಿದ್ದವು.

ಪೀರಿಯಡ್ ಸಿನಿಮಾದ ರೂಢಿಗಳಲ್ಲಿ ಇದೇ ಎಲ್ಲಕ್ಕಿಂತ ಗಟ್ಟಿಯಾದದ್ದು: ಹಿಂದಿನದ್ದು ಎಂದರೆ ಸವೆದದ್ದು, ಮಾಸಿದ್ದು. ಉಳಿದ ತಪ್ಪುಗಳಲ್ಲಿ ಬಹಳಷ್ಟು ಇದರ ಮಕ್ಕಳು.

ಪಾತ್ರೆಯಿಂದಲೇ ಶುರು ಮಾಡೋಣ. ಹಿತ್ತಾಳೆ, ತಾಮ್ರದ ಅಡುಗೆ ಪಾತ್ರೆಗೆ ಒಳಗಡೆ ಕಲಾಯಿ ಇರಲೇಬೇಕು. ಇಲ್ಲದಿದ್ದರೆ ಹುಳಿ, ಮಜ್ಜಿಗೆ ತಗುಲಿ ಕಿಲುಬೇಳುತ್ತದೆ, ತಿಂದವರಿಗೆ ವಾಂತಿ. ಕಲಾಯಿಯವನು ಬೀದಿಗೆ ಬಂದು, ತಿದಿ ಒತ್ತಿ, ನವಸಾಗರ ಹಾಕಿ ಉಜ್ಜಿ, ತವರ ಬಳಿದು ಕೊಡುತ್ತಿದ್ದ. ಹಾಗಾಗಿ ಕ್ಯಾಮೆರಾ ಪಾತ್ರೆಯೊಳಗೆ ಇಣುಕಿದರೆ ಕಾಣಬೇಕಾದದ್ದು ಬೆಳ್ಳಿಯಂಥ ಬಿಳುಪು, ಹಳದಿ ಹಿತ್ತಾಳೆಯಲ್ಲ. ಬಚ್ಚಲ ಹಂಡೆಯ ಲೆಕ್ಕವೇ ಬೇರೆ: ತಳ, ಹೊಟ್ಟೆ ಮಸಿ ಹಿಡಿದು ಕಪ್ಪು, ಕಂಠ ಮಾತ್ರ ಫಳಫಳ. ಇಡೀ ಹಂಡೆ ಒಂದೇ ಸಮ ಕಂದಾಗಿದ್ದರೆ ಅದು ಬಳಕೆಯಲ್ಲಿಲ್ಲದ ಹಂಡೆ. ಬಾಡಿಗೆ ಸಾಮಾನು ಬಂದ ಮೇಲೆ ಅರ್ಧ ದಿನ ಇಬ್ಬರನ್ನು ಕೂರಿಸಿ ಹುಣಸೆಹಣ್ಣಿನಿಂದ ತಿಕ್ಕಿಸಿದರೆ ಸೆಟ್ಟಿನ ಕಾಲವೇ ಬದಲಾಗುತ್ತದೆ. ಹೊಳಪು ತೀರಾ ಹೆಚ್ಚಾಗಿ ಲೈಟಿನ ಪ್ರತಿಬಿಂಬ ಕಣ್ಣಿಗೆ ಹೊಡೆದರೆ ಅಲ್ಲಷ್ಟಕ್ಕೇ ತುಸು ಮೇಣ ಸವರಿದರಾಯಿತು.

ಗೋಡೆಗೂ ಇದೇ ಮಾತು. ಹಬ್ಬಕ್ಕೋ ಮನೆಯ ಮದುವೆಗೋ ಸುಣ್ಣ ಬಳಿಯುತ್ತಿದ್ದರು, ಕೆಳಗೆ ಮೊಣಕಾಲೆತ್ತರಕ್ಕೆ ಕೆಮ್ಮಣ್ಣಿನ ಪಟ್ಟೆ. ಗೋಡೆ ಕೊಳೆಯಾಗುವುದಕ್ಕೂ ಜಾಗಗಳಿದ್ದವು: ತಲೆಗೆ ಎಣ್ಣೆ ಹಚ್ಚಿಕೊಂಡು ಒರಗುವ ಕಂಬ, ಒಲೆಯ ಮೇಲಿನ ಗೋಡೆ, ದೀಪದ ಗೂಡಿನ ನೆತ್ತಿ, ಎಲೆಯಡಿಕೆಯ ಸುಣ್ಣದ ಬೆರಳು ಒರೆಸುವ ಬಾಗಿಲ ಚೌಕಟ್ಟು. ಆ ನಾಲ್ಕು ಜಾಗ ಬಿಟ್ಟು ಉಳಿದದ್ದು ಚೊಕ್ಕಟವಾಗಿರಲಿ. ನಮ್ಮಲ್ಲಿ ಸ್ಪ್ರೇ ಗನ್ ಹಿಡಿದು ಗೋಡೆಯ ಉದ್ದಕ್ಕೂ ಕಂದು ಬಣ್ಣ ಹೊಡೆಯುತ್ತಾರೆ.

ಇದರ ಜೊತೆಗೇ ಬರುವ ಇನ್ನೊಂದು ರೂಢಿಯೆಂದರೆ ಎಲ್ಲ ಸಾಮಾನಿಗೂ ಒಂದೇ ವಯಸ್ಸು. 1935ರ ಕಥೆಯಾದರೆ ಗ್ರಾಮಫೋನು, ಗೋಡೆ ಗಡಿಯಾರ, ಮೇಜು, ಕುರ್ಚಿ, ಕನ್ನಡಕ ಎಲ್ಲವೂ 1935ರವು. ಯಾವ ಮನೆಯೂ ಹಾಗಿರುವುದಿಲ್ಲ. ಮನೆಯಲ್ಲಿ ಅಜ್ಜಿಯ ಮದುವೆಯಲ್ಲಿ ಬಂದ 1880ರ ಸಂದೂಕವಿರುತ್ತದೆ, ಅಪ್ಪನ ಕಾಲದ ಡೆಸ್ಕು ಇರುತ್ತದೆ, ಆ ವರ್ಷದ್ದು ಎಂದು ಹೇಳಿಕೊಳ್ಳಲು ಒಂದೋ ಎರಡೋ ವಸ್ತು ಇರುತ್ತವೆ. ಆ ಹೊಸ ವಸ್ತುವನ್ನು ಮನೆಯವರು ಹೊಸದೆಂದೇ ನಡೆಸಿಕೊಳ್ಳಬೇಕು, ಅದರ ಮೇಲೆ ಕ್ರೋಶಾ ಬಟ್ಟೆ ಹೊದಿಸಬೇಕು, ಮಕ್ಕಳು ಮುಟ್ಟಿದರೆ ಗದರಬೇಕು. ನಟರು ಗ್ರಾಮಫೋನನ್ನು ಪುರಾತನ ವಸ್ತುವಿನಂತೆ ನೋಡುವುದು ಪಾತ್ರಗಳಿಗೆ ಸಲ್ಲುವ ನೋಟವಲ್ಲ.

ಈಗ ಅರಮನೆಗೆ ಬರೋಣ. ಕನ್ನಡದ ಐತಿಹಾಸಿಕ ಚಿತ್ರಗಳ ಅರಮನೆ ಹುಟ್ಟಿದ್ದು ಕಂಪನಿ ನಾಟಕದ ಪರದೆಯ ಮೇಲೆ. ಗುಬ್ಬಿ ಕಂಪನಿ ಶುರುವಾದದ್ದು 1884ರಲ್ಲಿ. ಅಲ್ಲಿಂದ ಮುಂದೆ ವೃತ್ತಿರಂಗಭೂಮಿಯ ಪರದೆಗಳಲ್ಲಿ ದುಂಡು ಕಂಬ, ಕಮಾನು, ಮಡಿಕೆ ಮಡಿಕೆಯ ಮಖಮಲ್ ತೆರೆ ನಿಂತುಬಿಟ್ಟವು. ಅವುಗಳ ಪಕ್ಕದಲ್ಲಿ ರವಿವರ್ಮನ ಅಚ್ಚುಚಿತ್ರಗಳು ಕುಳಿತವು. 1960ರ ‘ರಣಧೀರ ಕಂಠೀರವ’, 1970ರ ‘ಶ್ರೀಕೃಷ್ಣದೇವರಾಯ’ ಬರುವ ಹೊತ್ತಿಗೆ ಪ್ರೇಕ್ಷಕನ ಕಣ್ಣಲ್ಲಿ ರಾಜನೆಂದರೆ ಹೀಗೆಯೇ ಎಂಬ ಚಿತ್ರ ಪಕ್ಕಾ ಆಗಿತ್ತು. ಆ ಚಿತ್ರಗಳಲ್ಲಿ ಅದು ತಪ್ಪೆಂದು ನನಗನಿಸುವುದಿಲ್ಲ, ಅವು ರಂಗಭೂಮಿಯ ಮುಂದುವರಿಕೆ, ಅವುಗಳ ಮಾತೂ ಹಾಗೆಯೇ ಇದೆ. ‘ನಾವು ನಿಜವಾಗಿ ನಡೆದದ್ದನ್ನು ತೋರಿಸುತ್ತಿದ್ದೇವೆ’ ಎಂದು ಪೋಸ್ಟರಿನಲ್ಲಿ ಹಾಕಿಕೊಂಡು ಅದೇ ಪರದೆಯನ್ನು ಗ್ರಾಫಿಕ್ಸಿನಲ್ಲಿ ಮತ್ತೆ ಬರೆಯುವ ಈಗಿನವರ ಮೇಲೆ ನನ್ನ ತಕರಾರು.

ಮೈಸೂರಿನ ಈಗಿನ ಅರಮನೆಯ ಛಾಯೆಯಲ್ಲಿ ಹೈದರ್, ಟಿಪ್ಪು, ಕಂಠೀರವ ಎಲ್ಲರ ದರ್ಬಾರು ನಡೆದುಹೋಗುತ್ತದೆ. ಹಳೆಯ ಮರದ ಅರಮನೆ 1897ರಲ್ಲಿ ಸುಟ್ಟುಹೋಗಿ, ಹೆನ್ರಿ ಇರ್ವಿನ್ ನಕ್ಷೆಯಂತೆ ಕಟ್ಟಿದ ಈ ಕಟ್ಟಡ ಮುಗಿದದ್ದು 1912ರಲ್ಲಿ. ಹದಿನೆಂಟನೇ ಶತಮಾನ ಬೇಕಿದ್ದರೆ ನೋಡಬೇಕಾದದ್ದು ಶ್ರೀರಂಗಪಟ್ಟಣದ ದರಿಯಾ ದೌಲತ್, ಬೆಂಗಳೂರು ಕೋಟೆಯ ಪಕ್ಕದ ಟಿಪ್ಪು ಅರಮನೆ. ಎರಡೂ ಮರದ ಕಂಬದವು, ತಗ್ಗು ಚಾವಣಿಯವು, ಗೋಡೆ ತುಂಬ ಬಣ್ಣದ ಚಿತ್ತಾರದವು. ಭವ್ಯವಾಗಿ ಕಾಣುವುದಿಲ್ಲ ಎಂದು ನಿರ್ಮಾಪಕರು ಮೂಗು ಮುರಿಯುತ್ತಾರೆ. ತಗ್ಗು ಚಾವಣಿಯಲ್ಲಿ ಕ್ರೇನ್ ಆಡುವುದಿಲ್ಲ ಎಂಬುದು ಒಳಗಿನ ಕಾರಣ.

ವಿಜಯನಗರದ ತಪ್ಪು ಇನ್ನೂ ಸೊಗಸು. ಹಂಪಿಯಲ್ಲಿ ಅರಮನೆಗಳ ಕಲ್ಲಿನ ಜಗತಿಗಳಷ್ಟೇ ಉಳಿದಿವೆ, ಮೇಲಿನ ಕಟ್ಟಡ ಮರದ್ದಾಗಿತ್ತು, ಹೋಯಿತು. ಉಳಿದು ನಿಂತ ಕಲ್ಲಿನ ಕಂಬಗಳು ದೇವಸ್ಥಾನದ ಮಂಟಪದವು. ಹಾಗಾಗಿ ಸಿನಿಮಾದ ಕೃಷ್ಣದೇವರಾಯ ದೇವಸ್ಥಾನದಲ್ಲಿ ಸಂಸಾರ ಮಾಡುತ್ತಿರುತ್ತಾನೆ. ತಲೆಯ ಮೇಲೆ ಕಿರೀಟ ಬೇರೆ. ತಿರುಮಲೆಯಲ್ಲಿ ಇಬ್ಬರು ರಾಣಿಯರೊಂದಿಗೆ ಕೈಮುಗಿದು ನಿಂತ ಅವನ ಕಂಚಿನ ಪ್ರತಿಮೆ ಇದೆ, ತಲೆಗೆ ಕುಲ್ಲಾಯಿ ಎಂಬ ಎತ್ತರದ ಟೋಪಿ. ಆಸ್ಥಾನದ ಉಡುಗೆ ಕುಲ್ಲಾಯಿ, ಕಬಾಯಿ ಎಂಬ ನಿಲುವಂಗಿ. ಬರಿಮೈ, ಭುಜಕೀರ್ತಿ, ಕಿರೀಟ ಪೌರಾಣಿಕ ಚಿತ್ರದ ಟ್ರಂಕಿನಿಂದ ಬಂದವು.

ಬ್ರಿಟಿಷ್ ಅಧಿಕಾರಿಯಿಲ್ಲದೆ ನಮ್ಮ ಪೀರಿಯಡ್ ಚಿತ್ರ ನಡೆಯುವುದಿಲ್ಲ. ಟೋಪಿ, ಚಾಟಿ, ಒಡಕು ಕನ್ನಡ, ಹಿಂದೆ ಕೊಡೆ ಹಿಡಿದ ದುಭಾಷಿ. ಬರವಣಿಗೆಯ ಹಂತದಲ್ಲೇ ಕೇಳಬೇಕಾದ ಪ್ರಶ್ನೆ: ಊರು ಯಾವುದು? 1881ರಲ್ಲಿ ಆಡಳಿತ ಒಡೆಯರಿಗೆ ಮರಳಿದ ಮೇಲೆ ಮೈಸೂರು ಸಂಸ್ಥಾನದ ಹಳ್ಳಿಗೆ ಕಂದಾಯ ಕೇಳಲು ಬಿಳಿಯ ಕಲೆಕ್ಟರು ಬರುವ ಪ್ರಶ್ನೆಯೇ ಇಲ್ಲ. ತಾಲೂಕಿಗೆ ಅಮಲ್ದಾರ, ಹೋಬಳಿಗೆ ಶೇಕ್‌ದಾರ, ಹಳ್ಳಿಗೆ ಪಟೇಲ, ಶಾನುಭೋಗ. ಬಿಳಿಯರು ಸಿಗುತ್ತಿದ್ದದ್ದು ಬೆಂಗಳೂರು ದಂಡಿನಲ್ಲಿ, ಕೋಲಾರದ ಗಣಿಯಲ್ಲಿ, ಕಾಫಿ ತೋಟಗಳಲ್ಲಿ. ಧಾರವಾಡ, ಬೆಳಗಾವಿ ಮುಂಬೈ ಪ್ರಾಂತ್ಯದವು, ಅಲ್ಲಿ ಕಲೆಕ್ಟರು, ಮಾಮಲೇದಾರ. ಬಳ್ಳಾರಿ, ಮಂಗಳೂರು ಮದ್ರಾಸಿನವು, ಅಲ್ಲಿ ತಹಸೀಲ್ದಾರ. ಕಲಬುರ್ಗಿ, ರಾಯಚೂರು, ಬೀದರ ನಿಜಾಮನವು. ಅಲ್ಲಿ ಕಚೇರಿಯ ಭಾಷೆ ಉರ್ದು, ಚಲಾವಣೆಯ ನಾಣ್ಯವೇ ಬೇರೆ, ಹಾಲಿ ಸಿಕ್ಕಾ. ಒಂದೇ 1925ರಲ್ಲಿ ಕನ್ನಡದ ನಾಲ್ಕು ಊರುಗಳ ಪೊಲೀಸರು ನಾಲ್ಕು ಸರಕಾರದವರು. ಇಷ್ಟನ್ನೂ ಒಂದೇ ಖಾಕಿಯಲ್ಲಿ ಮುಗಿಸುವುದು ಉಳಿತಾಯವೇನೋ ಹೌದು, ಒಳ್ಳೆಯ ಕಥೆಯ ಗಂಟೂ ಅದರ ಜೊತೆ ಹೋಗುತ್ತದೆ. ಸ್ವಂತ ಜನರೇ ಅಮಲ್ದಾರರಾಗಿರುವ ಊರಲ್ಲಿ ಖಳ ಯಾರು ಎಂಬುದನ್ನು ಬರೆಯುವುದು ಕಷ್ಟ, ಟೋಪಿಯವನನ್ನು ತಂದು ನಿಲ್ಲಿಸುವುದು ಸಲೀಸು.

ಬೆಳಕಿನ ವಿಷಯ ಸ್ವಲ್ಪ ಉದ್ದವಾಗಿಯೇ ಹೇಳಬೇಕು, ದುಡ್ಡು ಪೋಲಾಗುವುದು ಅಲ್ಲೇ.

ಒಂದು ಮೇಣದ ಬತ್ತಿಯಿಂದ ಒಂದು ಮೀಟರ್ ದೂರದಲ್ಲಿ ಬೀಳುವ ಬೆಳಕು ಸುಮಾರು 1 ಲಕ್ಸ್. ಹರಳೆಣ್ಣೆಯ ಹಣತೆ ಅದಕ್ಕಿಂತ ಮೇಲೇನಲ್ಲ. 1975ರಲ್ಲಿ ತೆರೆಕಂಡ ‘ಬ್ಯಾರಿ ಲಿಂಡನ್’ಗೆ ಬತ್ತಿಯ ಬೆಳಕಲ್ಲೇ ಚಿತ್ರೀಕರಿಸಲು ಸ್ಟ್ಯಾನ್ಲಿ ಕುಬ್ರಿಕ್ ತೀರಾ ಹೆಚ್ಚು ಬೆಳಕು ಒಳಬಿಡುವ, ಝೈಸ್ ಕಂಪನಿಯ ಎಫ್ 0.7 ಲೆನ್ಸ್ ಬಳಸಬೇಕಾಯಿತು. ಫೋಕಸ್ ಎಷ್ಟು ತೆಳುವೆಂದರೆ ನಟರು ಮುಂದಕ್ಕೆ ಬಾಗುವ ಹಾಗಿರಲಿಲ್ಲ. ಈಗ ಮಂದ ಬೆಳಕನ್ನೂ ಹಿಡಿಯುವ 2500 ಐಎಸ್‌ಒ ಕ್ಯಾಮೆರಾ, ಟಿ 1.4 ಲೆನ್ಸ್ ಬಾಡಿಗೆಗೆ ಸಿಗುತ್ತವೆ. ಆದರೂ ಒಂಟಿ ಹಣತೆ ಸಾಲದು. ಬತ್ತಿ ಎರಡೋ ಮೂರೋ ಸೇರಿಸಿ ಹೊಸೆದರೆ ಉರಿ ದೊಡ್ಡದಾಗುತ್ತದೆ, ಅದರ ಜೊತೆಗೆ ಹಣತೆಯ ಹಿಂದೆಯೋ ಪಾತ್ರೆಯ ಮರೆಯಲ್ಲೋ 1900ರಿಂದ 2000 ಕೆಲ್ವಿನ್ನಿನ (ಇದು ಬೆಳಕಿನ ಬಣ್ಣದ ಅಳತೆ, ಕಡಿಮೆಯಾದಷ್ಟೂ ಕಿತ್ತಳೆ) ಚಿಕ್ಕ ಎಲ್‌ಇಡಿ ಇಟ್ಟು, ಅದರ ಬೆಳಕನ್ನು ತುಸುವೇ ಅಲುಗಾಡಿಸಬೇಕು. ಗಾಳಿಯಿಲ್ಲದ ಕೋಣೆಯಲ್ಲಿ ದೀಪ ಅಲುಗುವುದು ಬಹಳ ಕಡಿಮೆ. ಮಿಣಮಿಣ ಎನ್ನಿಸುವ ಫ್ಲಿಕರ್ ಕಾಡ್ಗಿಚ್ಚಿಗೆ ಸರಿ.

ಇಲ್ಲಿ ಹಿಡಿಯಬೇಕಾದ ತಪ್ಪು ನೆರಳಿನದು. ಕೋಣೆಯನ್ನು ಬೆಳಗುತ್ತಿರುವುದು ದೀಪವೇ ಆದರೆ ದೀಪದ ಕಂಬದ ನೆರಳು ಗೋಡೆಗೆ ಬೀಳಬಾರದು, ಬಿದ್ದರೆ ಬುಡದಲ್ಲಿ ಬೀಳಬೇಕು. ನಮ್ಮ ಚಿತ್ರಗಳಲ್ಲಿ ಉರಿಯುವ ದೀಪದ ನೆರಳು ಹಿಂದಿನ ಗೋಡೆಯ ಮೇಲೆ ಚೊಕ್ಕಟವಾಗಿ ನಿಂತಿರುತ್ತದೆ. ಇನ್ನೊಂದು ಲೈಟು ಎಲ್ಲಿದೆ ಎಂಬುದನ್ನು ಅದೇ ಹೇಳಿಕೊಡುತ್ತದೆ.

ಬಣ್ಣದ ವಿಷಯಕ್ಕೂ ಇಲ್ಲೇ ಪರಿಹಾರವಿದೆ. ಕ್ಯಾಮೆರಾವನ್ನು 3200 ಕೆಲ್ವಿನ್‌ಗೆ ಇಟ್ಟರೆ ದೀಪ ತಾನಾಗಿ ಕಿತ್ತಳೆಯಾಗುತ್ತದೆ. ಅದರ ಮೇಲೆ ಡಿಐನಲ್ಲಿ, ಅಂದರೆ ಶೂಟಿಂಗ್ ಮುಗಿದ ಮೇಲೆ ಬಣ್ಣ ತಿದ್ದುವ ಹಂತದಲ್ಲಿ, ಮತ್ತೆ ಹಳದಿ ಸುರಿದರೆ ಮುಖಗಳು ಕಾಮಾಲೆ ಹಿಡಿದ ಹಾಗೆ. 2400ರ ಹತ್ತಿರ ಇಟ್ಟು ನೋಡಿ: ಬೆಳಕು ಬೆಚ್ಚಗೂ ಇರುತ್ತದೆ, ಬಿಳಿ ಪಂಚೆ ಬಿಳಿಯಾಗಿಯೂ ಕಾಣುತ್ತದೆ. ದೀಪಕ್ಕೆ ಒಗ್ಗಿದ ಕಣ್ಣಿಗೆ ಕಾಣುತ್ತಿದ್ದದ್ದೂ ಸುಮಾರಾಗಿ ಹಾಗೆಯೇ. ಸೀಪಿಯಾ ಬಂದದ್ದು ಫೋಟೋ ಪ್ರಿಂಟಿನ ರಾಸಾಯನಿಕದಿಂದ. ಮನುಷ್ಯರು ಸೀಪಿಯಾದಲ್ಲಿ ಬದುಕಿರಲಿಲ್ಲ.

ಯಾವ ದೀಪ ಯಾವಾಗ ಎಂಬುದೂ ಗೊತ್ತಿರಲಿ. ಸೀಮೆಎಣ್ಣೆ ಹಳ್ಳಿಗೆ ಬಂದದ್ದು ಹತ್ತೊಂಬತ್ತನೇ ಶತಮಾನದ ಕೊನೆಯ ಭಾಗದಲ್ಲಿ. ಅದಕ್ಕೂ ಮೊದಲು ಹರಳೆಣ್ಣೆ, ಹೊಂಗೆಎಣ್ಣೆ. ಕಿತ್ತೂರಿನ 1824ರ ಕಥೆಯಲ್ಲಿ ಗಾಜಿನ ಚಿಮಣಿಯ ಲಾಟೀನು ನೇತಾಡಬಾರದು. ಪೆಟ್ರೋಮ್ಯಾಕ್ಸ್ ಇಪ್ಪತ್ತನೇ ಶತಮಾನದ್ದು. ಶಿವನಸಮುದ್ರದ ವಿದ್ಯುತ್ತು 1902ರಲ್ಲಿ ಹೋದದ್ದು ಕೋಲಾರದ ಚಿನ್ನದ ಗಣಿಗೆ, ಬೆಂಗಳೂರಿನ ಬೀದಿಗೆ 1905ರಲ್ಲಿ. ಹೆಚ್ಚಿನ ಹಳ್ಳಿಗಳು ಸ್ವಾತಂತ್ರ್ಯದ ನಂತರವೂ ವರ್ಷಗಟ್ಟಲೆ ಕಾದವು.

ಬಟ್ಟೆಯಲ್ಲಿ ರೂಢಿ ಪೂರ್ತಿ ತಲೆಕೆಳಗು. 1799ರ ಕಥೆಗೆ ಕಣ್ಣು ಕುಕ್ಕುವ ಗುಲಾಬಿ, ನೇರಳೆ ಸ್ಯಾಟಿನ್ ಉಡಿಸುತ್ತಾರೆ. 1930ರ ಕಥೆಗೆ ಮಾಸಲು ಖಾದಿ. ಮೊದಲ ರಾಸಾಯನಿಕ ಬಣ್ಣ ಹುಟ್ಟಿದ್ದು 1856ರಲ್ಲಿ. ಅದಕ್ಕೂ ಮೊದಲು ನೀಲಿ, ಮಂಜಿಷ್ಠ, ಅರಗು, ಅರಿಶಿನ, ಕುಸುಬೆ. ಗಾಢವಾಗಿರುತ್ತಿದ್ದವು, ಆದರೆ ಟ್ಯೂಬ್‌ಲೈಟಿನ ಹಾಗೆ ಮಿಂಚುತ್ತಿರಲಿಲ್ಲ. 1930ರ ಹೊತ್ತಿಗಾದರೋ ಅಗ್ಗದ ರಾಸಾಯನಿಕ ಬಣ್ಣ ಸಂತೆ ಸಂತೆಗೂ ತಲುಪಿತ್ತು, ಜಾತ್ರೆಯ ದೃಶ್ಯದಲ್ಲಿ ಕಡು ಗುಲಾಬಿ ಸೀರೆ ಇರಲೇಬೇಕು.

ಜೂನಿಯರ್ ಆರ್ಟಿಸ್ಟ್‌ಗಳ ಬಟ್ಟೆ ಮೂಟೆ ಬಂದಾಗ ಒಂದು ದಾರ ಎಳೆದು ಸುಡಿ. ಹತ್ತಿಯಾದರೆ ಕಾಗದದ ವಾಸನೆ, ಮೆತ್ತನೆಯ ಬೂದಿ. ರೇಷ್ಮೆಯಾದರೆ ಕೂದಲು ಸುಟ್ಟ ವಾಸನೆ. ಪಾಲಿಯೆಸ್ಟರ್ ಆದರೆ ಕರಗಿ ಗಟ್ಟಿ ಮಣಿಯಾಗುತ್ತದೆ. ಅದನ್ನು ಹಿಂದಿನ ಸಾಲಿಗೂ ನಿಲ್ಲಿಸಬೇಡಿ, ಅದು ಬಿಸಿಲಿಗೆ ಮಿಂಚುವ ರೀತಿ ಐವತ್ತು ಅಡಿಯಿಂದಲೂ ಕಾಣುತ್ತದೆ. ಹೊಸ ಬಿಳಿ ಪಂಚೆಗೆ ಬೇರೆ ತೊಂದರೆ: ಮಿಲ್ಲಿನಲ್ಲಿ ಬಿಳುಪಿನ ರಾಸಾಯನಿಕ ಹಾಕಿರುವುದರಿಂದ ಕ್ಯಾಮೆರಾದಲ್ಲಿ ನೀಲಿ ಹೊಡೆಯುತ್ತದೆ. ಮೊದಲು ಮೂರು ನಾಲ್ಕು ಸಲ ಒಗೆದು ಗಂಜಿ ಬಿಡಿಸಿ. 10 ಲೀಟರ್ ಕುದಿಯುವ ನೀರಿಗೆ 100 ಗ್ರಾಂ ಟೀ ಪುಡಿ, ಒಂದು ಹಿಡಿ ಉಪ್ಪು. ಸೋಸಿ, ಒದ್ದೆ ಬಟ್ಟೆಯನ್ನೇ ಇಳಿಸಿ 15 ನಿಮಿಷ ಕೈಯಾಡಿಸುತ್ತಲೇ ಇರಿ. ಒಣ ಬಟ್ಟೆ ಹಾಕಿದರೆ, ಕೈಯಾಡಿಸುವುದು ಬಿಟ್ಟರೆ, ಮಡಚಿ ಒಣಗಿಸಿದರೆ ಮಡಿಕೆಗಳಲ್ಲಿ ಗೆರೆ ಬೀಳುತ್ತದೆ, ಆಮೇಲೆ ಹೋಗುವುದಿಲ್ಲ. ಒದ್ದೆಯಲ್ಲಿ ಬಣ್ಣ ಹೆಚ್ಚು ಕಾಣುವುದರಿಂದ ಮೊದಲು ಒಂದು ತುಂಡು ಒಣಗಿಸಿ ನೋಡುವುದು ವಾಸಿ. ಸವೆತ ಬೇಕಾದರೆ ಮರಳು ಕಾಗದದಿಂದ ಕಾಲರು, ಮೊಣಕೈ, ಪಂಚೆಯ ಹಿಮ್ಮಡಿ ಅಂಚು, ಅಷ್ಟೇ. ಎದೆಯ ಮೇಲೆ ಅಂಗಿ ಸವೆಯುವುದಿಲ್ಲ.

ಉಡುವ ರೀತಿಗೆ ಬಂದರೆ, ಬ್ರಾಹ್ಮಣರ ಮನೆಯ ಗೃಹಿಣಿಗೆ ಹದಿನೆಂಟು ಮೊಳದ ಸೀರೆ, ಕಚ್ಚೆ. ಅದನ್ನು ಉಟ್ಟವರ ನಡಿಗೆಯೂ ಕೂರುವ ರೀತಿಯೂ ಬೇರೆ. ನಟಿ ಅದನ್ನು ಶೂಟಿಂಗ್ ದಿನವೇ ಮೊದಲ ಸಲ ಉಡಬಾರದು, ಹಿಂದಿನ ಒಂದು ವಾರ ಅದರಲ್ಲೇ ಓಡಾಡಲಿ. ವಿಧವೆಗೆ ಬಿಳಿ ಸೀರೆ ಎಂಬುದು ಬಹಳಮಟ್ಟಿಗೆ ಹಿಂದಿ ಸಿನಿಮಾದಿಂದ ಇಳಿದ ರೂಢಿ. ಬಿಳಿ ಉಡುವ ಮನೆತನಗಳು ಇರಲಿಲ್ಲವೆಂದಲ್ಲ, ಆದರೆ ಹಳೆ ಮೈಸೂರಿನ ಎಷ್ಟೋ ಬ್ರಾಹ್ಮಣ ಮನೆಗಳ ಮಡಿ ಹೆಂಗಸು ತಲೆ ಬೋಳಿಸಿ ಕೆಂಪು ಸೀರೆ ಉಟ್ಟಿರುತ್ತಿದ್ದಳು. ಗಂಡಸರಿಗೆ ಜುಟ್ಟು, ಮುಂದಲೆಗೆ ಕ್ಷೌರ. ಇದಕ್ಕೆ ನಾಯಕನಟರು ಒಪ್ಪುವುದಿಲ್ಲ, ಆದ್ದರಿಂದ ಪೇಟ. ಪೇಟ ತೆಗೆದಿಟ್ಟು ಊಟಕ್ಕೆ ಕೂರಬೇಕಲ್ಲ? ಅದಕ್ಕೇ ಇರಬೇಕು, ನಮ್ಮ ಪೀರಿಯಡ್ ನಾಯಕರು ಪಂಕ್ತಿಯಲ್ಲಿ ಕಾಣಿಸುವುದೇ ಇಲ್ಲ. ಮೇಕಪ್ಪಿನವರಿಗೆ ಒಂದು ಸೂಚನೆ: ಎಡತೋಳಿನ ಬಿಸಿಜಿ ಲಸಿಕೆಯ ಗುರುತು ಮುಚ್ಚಿ. ದೇಶದಲ್ಲಿ ಆ ಲಸಿಕೆಯ ದೊಡ್ಡ ಅಭಿಯಾನ 1951ರಲ್ಲಿ ಶುರುವಾಯಿತು, ಬರಿತೋಳಿನ 1900ರ ದೃಶ್ಯದಲ್ಲಿ ಅದು ಇರುವ ಹಾಗಿಲ್ಲ. ಥ್ರೆಡ್ಡಿಂಗ್ ಮಾಡಿಸಿದ ಹುಬ್ಬಿಗೆ ಶೂಟಿಂಗಿಗೆ ಎರಡು ತಿಂಗಳ ಮುಂಚೆಯೇ ಬಿಡುವು ಕೊಡಿಸಬೇಕು.

ಇನ್ನು ಹೊರಾಂಗಣ. ಸೆಟ್ಟಿನೊಳಗೆ ಅಷ್ಟೆಲ್ಲ ಜಾಗ್ರತೆ ಮಾಡಿದವರೂ ಹಿತ್ತಲಲ್ಲಿ ಸಿಕ್ಕಿಬೀಳುತ್ತಾರೆ. ಬಿಳಿ ಹೂವಿನ ಪಾರ್ಥೇನಿಯಂ, ಅದೇ ಕಾಂಗ್ರೆಸ್ ಗಿಡ, ನಮ್ಮ ದೇಶದಲ್ಲಿ ಹರಡತೊಡಗಿದ್ದು 1950ರ ದಶಕದಲ್ಲಿ. 1837ರ ಅಮರ ಸುಳ್ಯದ ದಂಗೆಯಾಗಲಿ 1942ರ ಚಳವಳಿಯಾಗಲಿ, ದಾರಿಯ ಪಕ್ಕ ಅದು ಇರಬಾರದು. ಕೀಳುವವರಿಗೆ ಕೈಗವಸು ಕೊಡಿ, ಚರ್ಮ ಕೆರೆತ ಬರುತ್ತದೆ. ಕರಾವಳಿ, ಮಲೆನಾಡಿನ ಅಕೇಶಿಯಾ ತೋಪುಗಳು 1980ರ ದಶಕದಿಂದೀಚಿನವು. ಗದ್ದೆಯ ಭತ್ತವೂ ಸುಳ್ಳು ಹೇಳುತ್ತದೆ: ಐಆರ್-8 ಎಂಬ ಗಿಡ್ಡ ತಳಿ 1966ರಲ್ಲಿ ಬಂತು, ಅದಕ್ಕೂ ಮೊದಲಿನ ಪೈರು ನಾಲ್ಕಡಿ ದಾಟುತ್ತಿತ್ತು, ಗಾಳಿಗೆ ಮಲಗುತ್ತಿತ್ತು. ರಾಜಮುಡಿಯಂಥ ನಾಟಿ ತಳಿ ಬೆಳೆಯುವ ರೈತರು ಇನ್ನೂ ಇದ್ದಾರೆ, ಅವರ ಗದ್ದೆಯನ್ನು ನವೆಂಬರ್ ಹೊತ್ತಿಗೆ ಮಾತಾಡಿಕೊಂಡರೆ ತೆನೆ ತುಂಬಿ ಬಾಗಿದ ಹೊಲ ಸಿಗುತ್ತದೆ. ದನದ ಮಂದೆಯಲ್ಲಿ ಕಪ್ಪುಬಿಳುಪಿನ ಸೀಮೆ ಹಸು ನುಗ್ಗದ ಹಾಗೆ ಒಬ್ಬನನ್ನು ನಿಲ್ಲಿಸಿ. ಬೇಕಾದದ್ದು ಹಳ್ಳಿಕಾರ್, ಅಮೃತಮಹಲ್.

ಚಾವಣಿ ಕೂಡ. ಮಂಗಳೂರು ಹೆಂಚಿನ ಮೊದಲ ಬಾಸೆಲ್ ಮಿಶನ್ ಕಾರ್ಖಾನೆ ಜೆಪ್ಪುವಿನಲ್ಲಿ ಶುರುವಾದದ್ದು 1865ರಲ್ಲಿ. ಅದರ ಹಿಂದಿನ ಕಥೆಗೆ ಹುಲ್ಲು, ಸೋಗೆ, ನಾಡಹೆಂಚು. ಇಡೀ ಚಾವಣಿ ಬದಲಿಸಲು ಆಗದಿದ್ದರೆ ಸೂರಿನ ಅಂಚಿನ ಮೂರು ಸಾಲಿಗೆ ನಾಡಹೆಂಚು ಕೂರಿಸಿ, ಕ್ಯಾಮೆರಾವನ್ನು ಸೂರಿಗಿಂತ ಕೆಳಗಿಡಿ. ಡ್ರೋನ್ ಶಾಟಿನ ಆಸೆ ಬಿಡಬೇಕಾಗುತ್ತದೆ.

ದುಡ್ಡು, ಅಳತೆ ಬೇಗ ಮುಗಿಸುತ್ತೇನೆ. 1957ರ ಏಪ್ರಿಲ್ 1ರವರೆಗೆ ರೂಪಾಯಿಗೆ 16 ಆಣೆ, 192 ಕಾಸು. ತೂತಿನ ಮೂರು ಕಾಸಿನ ನಾಣ್ಯ 1943ರಿಂದ 47ರವರೆಗಿನದು, 1920ರ ಅಂಗಡಿಯಲ್ಲಿ ಅದು ಕಾಣಬಾರದು. ಕಿಲೋ, ಲೀಟರು ಬಳಕೆಗೆ ಬಂದದ್ದು 1958ರ ನಂತರ ನಿಧಾನವಾಗಿ. ಅಲ್ಲಿಯವರೆಗೆ ಸೇರು, ಪಾವು, ಚಟಾಕು, ಮಣ. ‘ಕರ್ನಾಟಕ ಸರಕಾರ’ ಎಂಬ ಬೋರ್ಡು 1973ರ ನವೆಂಬರ್ 1ಕ್ಕಿಂತ ಮುಂಚೆ ಬೇಡ. ರೈಲಿಗೆ ಹೊಗೆ ಬಿಡುವ ಎಂಜಿನ್ ಸಿಕ್ಕಿತೆಂದು ಹಿಗ್ಗಬೇಡಿ, ಹಳಿಯ ಅಗಲ ನೋಡಿ. ಬೆಂಗಳೂರು–ಮೈಸೂರು ಮಾರ್ಗ ಒಂದು ಮೀಟರಿನ ಹಳಿಯದಾಗಿತ್ತು, ಕೆಳಗೆ ಮರದ ಸ್ಲೀಪರು. ಈಗಿರುವುದು 1.676 ಮೀಟರಿನ ಹಳಿ, ಕಾಂಕ್ರೀಟ್ ಸ್ಲೀಪರು, ಮೇಲೆ ತಂತಿ. ಪ್ಲಾಟ್‌ಫಾರಂ ಮಟ್ಟದಲ್ಲಿ ಜನರನ್ನು ನಿಲ್ಲಿಸಿ ಹಳಿಯನ್ನೇ ಮರೆಮಾಡುವುದು ಕಡಿಮೆ ಖರ್ಚಿನ ದಾರಿ. ಎರಡನೇ ಮಹಾಯುದ್ಧದ ಕಥೆಯಾದರೆ ಪೆಟ್ರೋಲ್ ಅಭಾವದಲ್ಲಿ ಓಡುತ್ತಿದ್ದ ಇದ್ದಿಲಿನ ಬಸ್ಸು ಇದೆಯಲ್ಲ! ಹಿಂದೆ ಉದ್ದನೆಯ ಡಬ್ಬಿ, ಹೊರಡುವ ಮುಂಚೆ ಕ್ಲೀನರ್ ತಿರುಗಿಸುವ ಗಾಳಿಚಕ್ರ, ಏರಿನಲ್ಲಿ ಇಳಿದು ತಳ್ಳುವ ಪ್ರಯಾಣಿಕರು. ಇಷ್ಟು ಒಳ್ಳೆಯ ದೃಶ್ಯವನ್ನು ಬಿಟ್ಟು ಮತ್ತೆ ಮತ್ತೆ ರೈಲಿಗೇ ಏಕೆ ಹೋಗುತ್ತಾರೋ.

ಸಂಭಾಷಣೆಯಲ್ಲಿ ಎರಡೇ ಅಚ್ಚು ಓಡುತ್ತಿವೆ: ರಾಜನಿಗೆ ಸಂಸ್ಕೃತದ ಗ್ರಾಂಥಿಕ, ರೈತನಿಗೆ ಯಾವ ಜಿಲ್ಲೆಗೂ ಸೇರದ ಹಳ್ಳಿಮಾತು. ಕಚೇರಿ, ಕಂದಾಯದ ಕನ್ನಡದಲ್ಲಿ ಜಮಾಬಂದಿ, ಇನಾಮು, ದರಖಾಸ್ತು, ಜಪ್ತಿ ತುಂಬಿದ್ದವು. ಅವನ್ನೆಲ್ಲ ಕಿತ್ತು ಈಗಿನ ಪತ್ರಿಕೆಯ ಕನ್ನಡ ತುಂಬಿದರೆ ಅಮಲ್ದಾರ ಟಿವಿ ವಾರ್ತೆ ಓದಿದ ಹಾಗೆ ಕೇಳುತ್ತದೆ. ಗಂಡ ಹೆಂಡತಿಗೆ ‘ಧನ್ಯವಾದ’ ಹೇಳುವ 1920ರ ಮನೆಯಂತೂ ನಂಬಲಾಗದು.

ಶಬ್ದ ಕೊನೆಗೆ ಉಳಿಯುತ್ತದೆ, ತಿದ್ದಲು ಅಗ್ಗವೂ ಹೌದು. ಲೊಕೇಶನ್ ಸೌಂಡಿನ ತಳದಲ್ಲಿ ದೂರದ ಹೆದ್ದಾರಿಯ ಗುಂಯ್ ಇರುತ್ತದೆ, ಪಂಪ್‌ಸೆಟ್ಟು ಇರುತ್ತದೆ. ಸಂಗೀತದಿಂದ ಅದನ್ನು ಮುಚ್ಚುವುದು ರೂಢಿ, ಅದಕ್ಕೇ ನಮ್ಮ ಪೀರಿಯಡ್ ಚಿತ್ರಗಳಲ್ಲಿ ವೀಣೆ, ಕೊಳಲು ಎಡೆಬಿಡದೆ ಹರಿಯುತ್ತವೆ. ಬದಲಿಗೆ ಆ ಸೌಂಡ್ ಟ್ರ್ಯಾಕನ್ನು ಪೂರ್ತಿ ತೆಗೆದು ರಾತ್ರಿ ಎರಡರಿಂದ ನಾಲ್ಕರೊಳಗೆ ಅದೇ ಊರಲ್ಲಿ ಹತ್ತು ನಿಮಿಷದ ಮೌನ ಮುದ್ರಿಸಿ ತಳಕ್ಕೆ ಹಾಸಿ. ಹಗಲಿನ ದೃಶ್ಯವಾದರೆ ಜೀರುಂಡೆಯನ್ನು ಸೋಸಿ, ಮೇಲೆ ಒರಳು, ಒನಕೆ, ಬಾವಿಯ ರಾಟೆ, ಗಾಡಿಯ ಕೀಲು ಸೇರಿಸಿ. ಕಾಲ ಸಪ್ಪಳಕ್ಕೆ ಸ್ಟುಡಿಯೋದಲ್ಲಿ ಬೂಟು ಹಾಕಿಕೊಂಡು ಸಿಮೆಂಟಿನ ಮೇಲೆ ನಡೆಯುವುದು ಬೇಡ. ಸೆಗಣಿ ಸಾರಿಸಿದ ಮಣ್ಣಿನ ನೆಲದ ಮೇಲೆ ಬರಿಗಾಲು ಹೆಚ್ಚು ಸದ್ದು ಮಾಡುವುದಿಲ್ಲ, ಬಳೆ ಮತ್ತು ಕಾಲುಂಗುರ ಮಾಡುತ್ತವೆ.